ಚೀಲ ತಟ್ಟಬಾರದ ಹನ್ನೆರಡು ವಾರ

ಕಾಳಿನ ಗೋದಾಮಿಗೆ ಯಾರೇ ಕಾಲಿಟ್ಟರೂ ಮೊದಲು ಅವರ ಅಂದಾಜು ಕಟ್ಟಬೇಕು, ಮಾತು ಆಮೇಲೆ. ಗೋಣಿ ಹೊಲಿಯುವ ಚಿಕ್ಕಮ್ಮನ ಅಂದಾಜು ಹೀಗಿದೆ. ಎತ್ತರ, ನಿಲ್ಲಿಸಿದ ಒಂದು ಚೀಲಕ್ಕಿಂತ ಸ್ವಲ್ಪ ಹೆಚ್ಚು. ಅಗಲ, ತುಂಬಿದ ಒಂದು ಚೀಲಕ್ಕೆ ಸರಿಸಮ. ವಯಸ್ಸು ಐವತ್ತೆರಡು ಎಂದು ಆಕೆ ಹೇಳಿ ಆರು ವರ್ಷವಾಯಿತು. ಹೊರಗಿನ ಕಟ್ಟು ಒರಟು, ಒಳಗಿನ ಮಾಲು ಒಳ್ಳೆಯದು, ಆದರೆ ಸ್ಯಾಂಪಲ್ ತೆಗೆದು ನೋಡಲು ಯಾರಿಗೂ ಬಿಡುವುದಿಲ್ಲ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಾಲು ಮಾತ್ರ ಬಹುಕಾಲದಿಂದ ಮಾರಾಟವಾಗದೆ ಉಳಿದ ದಾಸ್ತಾನು: ಬೆಳಗ್ಗೆ ಎಂಟಕ್ಕೆ ಹರಿದ ಚೀಲಗಳ ರಾಶಿಯ ಪಕ್ಕ ಚಕ್ಕಂಬಕ್ಕಳ ಹಾಕಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಇಪ್ಪತ್ತೇಳು ವರ್ಷದಲ್ಲಿ ಆಕೆ ಓಡಿದ್ದನ್ನು ಕಂಡವರಿಲ್ಲ. ಒಮ್ಮೆ ಗೋದಾಮಿನ ಮೂಲೆಯಲ್ಲಿ ಬೆಂಕಿ ಕಾಣಿಸಿಕೊಂಡಾಗಲೂ ಆಕೆ ನಡೆದೇ ಹೊರಗೆ ಬಂದಳು. ದಬ್ಬಣ ಮರೆತೆ ಎಂದು ನಡೆದೇ ಮತ್ತೆ ಒಳಗೆ ಹೋದಳು.

ಆ ಗೋದಾಮಿನ ಯಜಮಾನನೇ ಇದನ್ನು ಬರೆಯುತ್ತಿರುವವನು. ತನ್ನನ್ನು ತಾನೇ ತೂಗಿಕೊಳ್ಳುವಾಗ ಯಾವ ವ್ಯಾಪಾರಿಯ ಹೆಬ್ಬೆರಳೂ ತಕ್ಕಡಿಯ ಮೇಲೆ ಒಂಚೂರು ಒತ್ತುತ್ತದೆ. ಆದ್ದರಿಂದ ಅವನನ್ನೂ ಹೊರಗಿನವನಂತೆ ‘ಯಜಮಾನ’ ಎಂದೇ ಕರೆದು ದೂರ ನಿಲ್ಲಿಸುವುದು ಕ್ಷೇಮ.

ಚಿಕ್ಕಮ್ಮ ಎಂದರೆ ಯಾರಿಗೋ ಚಿಕ್ಕಮ್ಮನಾಗಿರಬೇಕು ತಾನೆ? ಯಾರಿಗೂ ಅಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾವನೋ ಹಮಾಲಿ ಹಾಗೆ ಕರೆದ, ಅದು ಅಂಟಿಕೊಂಡಿತು. ಆಕೆಯ ಗಂಡನೂ ಅದೇ ಗೋದಾಮಿನಲ್ಲಿ ಮೂಟೆ ಹೊರುವವನು. ಎಲ್ಲರ ಬಾಯಲ್ಲಿ ಕೇಳಿ ಕೇಳಿ ಅವನೂ ಮೈಮರೆತಾಗ ‘ಚಿಕ್ಕಮ್ಮಾ’ ಎಂದು ಕೂಗಿ ಬೈಸಿಕೊಳ್ಳುವುದುಂಟು.

ಇಲಿ ಚೀಲ ಕಡಿಯುತ್ತದೆ, ಚಿಕ್ಕಮ್ಮ ಹೊಲಿಯುತ್ತಾಳೆ. ಸರಿಯಾಗಿ ನೋಡಿದರೆ ಇಲಿಯೇ ಆಕೆಗೆ ಕೆಲಸ ಕೊಡುವ ಧಣಿ. ಅಂಥವಳು ಇಲಿ ಹಿಡಿಯುವ ನಾಯಿಯನ್ನು ಸಾಕಿದ್ದು ಯಜಮಾನನಿಗೆ ಬಿಡಿಸಲಾಗದ ಒಗಟಾಗಿತ್ತು. ಒಂದು ದಿನ ಕೇಳಿಯೇ ಬಿಟ್ಟ.

“ಅಲ್ಲ ಚಿಕ್ಕಮ್ಮ, ಇಲಿ ಎಲ್ಲಾ ಸತ್ತುಹೋದ್ರೆ ನಿಮಗೇನು ಕೆಲಸ?”

“ಹಮಾಲರು ಕೊಕ್ಕೆ ಹಾಕಿ ಎಳೀತಾರಲ್ಲ ಯಜಮಾನ್ರೇ. ಒಬ್ಬೊಬ್ಬ ಹಮಾಲಿ ಹತ್ತತ್ತು ಇಲಿಗೆ ಸಮ. ನನ್ನ ಅನ್ನಕ್ಕೇನೂ ಭಯ ಇಲ್ಲ.”

ಮೂಟೆಯ ಕೆಳಗಿದ್ದ ಗಂಡ ಕೆಮ್ಮಿದ.

ನಾಯಿಯ ಹೆಸರು ಬುಗುರಿ. ಗಿರಣಿಯಿಂದ ವಾಪಸು ಬಂದ ಖಾಲಿ ಚೀಲಗಳ ಕಟ್ಟಿನೊಳಗೆ ಮರಿಯಾಗಿ ಸಿಕ್ಕಿದ್ದಳು. ಚೀಲ ಬಿಚ್ಚಿದ ಕೂಡಲೇ ತನ್ನ ಬಾಲ ಹಿಡಿಯಲು ಹನ್ನೊಂದು ಸುತ್ತು ಸುತ್ತಿ ಬಿದ್ದಳು, ಹೆಸರು ಅಲ್ಲೇ ಖಾಯಂ ಆಯಿತು. ಈಗ ಎರಡು ವರ್ಷ, ಹದಿಮೂರು ಕಿಲೋ, ಒಂದು ಕಿವಿ ನೆಟ್ಟಗೆ, ಇನ್ನೊಂದು ಕಿವಿ ರಜೆಯ ಮೇಲೆ. ಇಲಿ ಹಿಡಿಯುವುದರಲ್ಲಿ ಆ ಬೀದಿಯ ಗೋದಾಮುಗಳಲ್ಲೆಲ್ಲ ಅವಳಿಗೆ ಎದುರಿರಲಿಲ್ಲ.

ವಿದ್ಯೆ ಕಲಿಸಿದವಳು ಚಿಕ್ಕಮ್ಮನೇ. ಕೂತಲ್ಲಿಂದ ಏಳದೆ ಕಲಿಸಬೇಕಾದ್ದರಿಂದ ಪಾಠವೂ ಹಾಗೇ ಇತ್ತು. ಚೀಲಗಳ ಸಂದಿಯಲ್ಲಿ ಇಲಿ ಇದೆ ಎಂದು ಅನುಮಾನ ಬಂದರೆ ಅಂಗೈಯಿಂದ ಚೀಲದ ಮೇಲೆ ಒಂದು ಏಟು: ಧಪ್! ಇಲಿ ಗಾಬರಿಯಾಗಿ ಹೊರಗೆ ಬೀಳಬೇಕು, ಬುಗುರಿ ಹಾರಿ ಹಿಡಿಯಬೇಕು. ಆರು ತಿಂಗಳಲ್ಲಿ ಬುಗುರಿಯ ತಲೆಯಲ್ಲಿ ಒಂದೇ ಒಂದು ಶಾಸ್ತ್ರ ಗಟ್ಟಿಯಾಯಿತು: ಚೀಲದ ಮೇಲೆ ಅಂಗೈ ಬಿದ್ದರೆ ಇಲಿ ಬರುತ್ತದೆ.

ಈಗ ಗೋದಾಮಿನ ಇನ್ನೊಂದು ಪದ್ಧತಿ ಹೇಳಬೇಕು. ಅಲ್ಲಿ ವ್ಯಾಪಾರ ಕುದುರಿದರೆ ಕೈ ಕುಲುಕುವುದಿಲ್ಲ, ಮಾಲಿನ ಮೇಲೇ ಕೈ ಹಾಕುತ್ತಾರೆ. ದರ ಒಪ್ಪಿಗೆಯಾದ ಕ್ಷಣ ಮಾರುವವನು ಚೀಲವನ್ನು ಧಪ್ಪೆಂದು ತಟ್ಟುತ್ತಾನೆ. ಮುಗಿಯಿತು, ಇನ್ನು ಮಾತು ಬದಲಿಸುವಂತಿಲ್ಲ. ಯಜಮಾನನ ತಟ್ಟು ಇಡೀ ಬೀದಿಗೆ ಕೇಳುವಂಥದ್ದು. ಅವನು ತಟ್ಟಿದಾಗಲೆಲ್ಲ ಎಲ್ಲಿದ್ದರೂ ಬುಗುರಿ ಹಾರಿ ಬಂದು ಆ ರಾಶಿಯ ತುದಿಯಲ್ಲಿ ನಿಂತು ಕಿವಿ ನಿಮಿರಿಸುತ್ತಿದ್ದಳು. ಕೊಳ್ಳುವವರಿಗೆ ಖುಷಿಯೋ ಖುಷಿ. “ನಾಯೀನೂ ಒಪ್ತು ನೋಡಿ!” ಎನ್ನುತ್ತಿದ್ದರು. ಯಜಮಾನನಿಗೆ ಅದಕ್ಕಿಂತ ಖುಷಿ. ನಾಯಿ ತನ್ನ ವ್ಯಾಪಾರದ ಚಾಕಚಕ್ಯತೆಗೆ ಮೆಚ್ಚಿ ಬರುತ್ತಿದೆ ಎಂದೇ ಅವನು ಒಂದೂವರೆ ವರ್ಷ ನಂಬಿದ್ದ. ಅವಳು ಬರುತ್ತಿದ್ದುದು ಇಲಿಗಾಗಿ. ಪ್ರತಿ ಸಲ ಮೋಸಹೋಗಿ ಹಿಂದಿರುಗುತ್ತಿದ್ದಳು ಎನ್ನುವುದು ಗೊತ್ತಿದ್ದವಳು ಚಿಕ್ಕಮ್ಮ ಒಬ್ಬಳೇ. ಯಜಮಾನನ ಮುಖದ ಕಳೆ ಕೆಡಿಸುವುದೇಕೆಂದು ಸುಮ್ಮನಿದ್ದಳು.

ಒಂದು ದಿನ ಯಜಮಾನ ಉದ್ದಿನ ರಾಶಿ ಮಾರಿದ. ಧಪ್! ಬುಗುರಿ ಒಂಬತ್ತು ಚೀಲದ ಅಟ್ಟಿಯ ಮೇಲಿಂದ ಈ ಕಡೆಗೆ ಹಾರಿದಳು. ಕೆಳಗೆ ಚೀಲ ಜೋಡಿಸುವ ಮರದ ಹಲಗೆ ಇತ್ತು, ಹಲಗೆಯ ಪಟ್ಟಿಗಳ ನಡುವೆ ಸಂದಿ ಇತ್ತು; ಹಿಂದಿನ ಎಡಗಾಲು ಸಂದಿಯಲ್ಲಿ ಸಿಕ್ಕಿತು, ಮೈ ಮುಂದಕ್ಕೆ ಹೋಯಿತು. ಒಂದೇ ಒಂದು ಕುಂಯ್. ಆಮೇಲೆ ಮೂರು ಕಾಲಲ್ಲಿ ಕುಪ್ಪಳಿಸುತ್ತಾ ಚಿಕ್ಕಮ್ಮನ ತೊಡೆಯ ಹತ್ತಿರ ಹೋಗಿ, ತಪ್ಪು ತನ್ನದೇ ಎನ್ನುವಂತೆ ಮುಖ ತಿರುಗಿಸಿ ಕೂತಳು.

“ಇಲಿಗಳ ಕಾಟ ಜಾಸ್ತಿ ಆಯ್ತು,” ಎಂದ ಯಜಮಾನ.

ಚಿಕ್ಕಮ್ಮ ದಬ್ಬಣ ಚೀಲಕ್ಕೆ ಚುಚ್ಚಿ ನಿಲ್ಲಿಸಿ ಅವನ ಅಂಗೈಯನ್ನೇ ನೋಡಿದಳು. ಅವನು ಕೈ ಜೇಬಿನೊಳಗೆ ಇಟ್ಟುಕೊಂಡ.

ಪಶುವೈದ್ಯೆ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕನ್ನಡಕ ಮೂಗಿನ ತುದಿಯಲ್ಲಿ. ಬುಗುರಿಯನ್ನು ಮೇಜಿನ ಮೇಲೆ ಮಲಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು ಇನ್ನೊಂದು ಕೈಯಲ್ಲಿ ಮೊಣಕಾಲಿನ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆದಳು. ಅದು ಮೇಜಿನ ಡ್ರಾಯರಿನಂತೆ ಸರಕ್ಕನೆ ಮುಂದೆ ಬಂತು.

“ನೋಡಿ, ಹೀಗೆ ಜಾರಬಾರದು. ಮೊಣಕಾಲಿನ ಒಳಗೆ ಮೇಲಿನ ಮೂಳೆನ ಕೆಳಗಿನ ಮೂಳೆಗೆ ಕಟ್ಟಿಡೋ ಒಂದು ದಾರ ಇರುತ್ತೆ. ಅದು ಪೂರ್ತಿ ಹರಿದುಹೋಗಿದೆ.”

ಚಿಕ್ಕಮ್ಮನ ಮುಖ ಅರಳಿತು. ಹರಿದದ್ದು ಎಂದರೆ ತನ್ನ ಇಲಾಖೆ.

“ಅಷ್ಟೇನಾ ಡಾಕ್ಟರಮ್ಮ? ಹೊಲಿದುಬಿಡಿ ಮತ್ತೆ.”

“ಆ ದಾರ ಹೊಲಿಯೋಕೆ ಬರಲ್ಲ. ಒದ್ದೆ ಹತ್ತಿ ಎಳೆ ಥರ ಪಿಂಜಿಹೋಗಿದೆ. ಕೀಲಿನ ಹೊರಗಡೆಯಿಂದ ಬೇರೆ ದಪ್ಪ ನೈಲಾನ್ ದಾರ ಹಾಕಿ ಬಿಗೀತೀವಿ. ಇವಳ ತೂಕಕ್ಕೆ ಅದು ಸಾಕು.”

“ಎಲ್ಲಿ, ದಾರ ತೋರಿಸಿ.”

ವೈದ್ಯೆ ಒಂದು ತುಂಡು ತೋರಿಸಿದಳು. ಚಿಕ್ಕಮ್ಮ ಅದನ್ನು ಬೆರಳಿಗೆ ಸುತ್ತಿ ಜಗ್ಗಿದಳು, ಬೆಳಕಿಗೆ ಹಿಡಿದಳು, ಕೊನೆಗೆ ಹಲ್ಲಿಗೂ ಕೊಟ್ಟು ನೋಡಿ, “ಪರವಾಗಿಲ್ಲ,” ಎಂದು ಪಾಸು ಮಾಡಿದಳು. “ಗಂಟು ಎಂಥದ್ದು ಹಾಕ್ತೀರ?”

ಗಂಟಿನ ವಿಚಾರಕ್ಕೆ ಇಬ್ಬರಿಗೂ ಕಾಲು ಗಂಟೆ ಚರ್ಚೆ ನಡೆಯಿತು. ಹೊರಗೆ ಒಂದು ಮೇಕೆ, ಎರಡು ಬೆಕ್ಕು, ಜ್ವರ ಬಂದ ಗಿಳಿ ಕಾಯುತ್ತಿದ್ದವು. ಖರ್ಚು ಯಜಮಾನನದು ಎಂದು ಅಲ್ಲೇ ತೀರ್ಮಾನವಾಯಿತು. ಯಜಮಾನನನ್ನು ಬಿಟ್ಟು ಉಳಿದವರೆಲ್ಲ ಒಪ್ಪಿದರು.

ಆಪರೇಷನ್ ಮುಗಿದ ಮೇಲೆ ವೈದ್ಯೆ ಹೇಳಿದ್ದು ಇಷ್ಟು. “ದಾರ ತಾತ್ಕಾಲಿಕ. ಅದು ಹಿಡಿದಿರೋ ಹೊತ್ತಲ್ಲಿ ಸುತ್ತಲೂ ಅವಳ ಮೈಯೇ ಗಟ್ಟಿ ಪೊರೆ ಕಟ್ಟಿಕೊಳ್ಳಬೇಕು. ಅದಕ್ಕೆ ಹನ್ನೆರಡು ವಾರ. ಅಷ್ಟರೊಳಗೆ ಓಡಿದ್ರೆ, ಹಾರಿದ್ರೆ, ಮೆಟ್ಟಿಲು ಹತ್ತಿದ್ರೆ ದಾರ ಕಿತ್ತುಹೋಗುತ್ತೆ. ಇನ್ನೊಂದು ಸಲ ಮಾಡಿದ್ರೂ ಕಾಲು ಮೊದಲಿನ ಹಾಗೆ ಆಗುತ್ತೆ ಅಂತ ಹೇಳಕ್ಕಾಗಲ್ಲ. ಎರಡನೇ ತಿಂಗಳಲ್ಲಿ ನೋವಿರಲ್ಲ, ಕುಂಟೋದೂ ಕಮ್ಮಿ ಆಗುತ್ತೆ. ಆವಾಗಲೇ ಜೋಪಾನ. ಅವಳಿಗೆ ವಾಸಿ ಆಯ್ತು ಅನ್ಸುತ್ತೆ, ಕಾಲಿಗೆ ಆಗಿರಲ್ಲ.”

ಚಿಕ್ಕಮ್ಮ ಬಗ್ಗಿ ಕಾಲಿನ ಹೊರಗಿನ ಹೊಲಿಗೆ ನೋಡಿದಳು. “ಸ್ವಲ್ಪ ದೂರ ದೂರ ಹಾಕಿದ್ದೀರ. ಇದು ಸಾಸಿವೆ ಚೀಲ ಆಗಿದ್ರೆ ಅರ್ಧ ಮಾಲು ದಾರೀಲೇ ಸೋರಿಹೋಗ್ತಿತ್ತು.”

ಗೋದಾಮಿಗೆ ಮರಳಿದ ದಿನವೇ ಯಜಮಾನ ತನ್ನ ಮಾತನ್ನೂ ಹೇಳಿದ. ಒರಟನಲ್ಲ, ಆದರೆ ವ್ಯಾಪಾರಿ.

“ಹನ್ನೆರಡು ವಾರ ಕಾಯ್ತೀನಿ ಚಿಕ್ಕಮ್ಮ. ಆಮೇಲೂ ಕುಂಟಿದ್ರೆ ಗೋದಾಮಿಗೆ ಇನ್ನೊಂದು ನಾಯಿ ಬೇಕೇ ಬೇಕು. ಎಣ್ಣೆ ಗಾಣದವನ ಹತ್ರ ಒಂದಿದೆ, ಬೇರೆ ನಾಯಿ ಕಂಡ್ರೆ ಕಚ್ಚುತ್ತೆ. ಎರಡನ್ನೂ ಇಲ್ಲಿ ಇಟ್ಕೊಳ್ಳೋಕಾಗಲ್ಲ.”

ಚಿಕ್ಕಮ್ಮನ ಮನೆಯೂ ಗೋದಾಮಿನ ಹಿಂದಿನ ಕೋಣೆಯೇ. ಗೋದಾಮಿನಲ್ಲಿ ಜಾಗವಿಲ್ಲ ಎಂದರೆ ಬುಗುರಿಗೆ ಎಲ್ಲೂ ಜಾಗವಿಲ್ಲ. ಆಕೆ ಬುಗುರಿಯ ತಲೆಯ ಮೇಲೆ ಕೈಯಿಟ್ಟು, “ಸರಿ. ಹಾಗಾದ್ರೆ ಹನ್ನೆರಡು ವಾರ ಈ ಗೋದಾಮಲ್ಲಿ ಯಾರೂ ಚೀಲ ತಟ್ಟಬಾರದು,” ಎಂದಳು. ಆಮೇಲೆ ದಬ್ಬಣಕ್ಕೆ ದಾರ ಪೋಣಿಸುತ್ತಾ, “ನಿಮ್ಮಿಂದಾನೇ ಶುರು,” ಎಂದಳು.

ಹೇಳಿದಷ್ಟು ಸುಲಭವಲ್ಲ ಅದು. ಹಮಾಲಿ ಮೂಟೆ ಇಳಿಸಿ ಒಂದು ಏಟು ತಟ್ಟುತ್ತಾನೆ. ಕೊಳ್ಳುವವನು ತುಂಬಿದೆಯೋ ಸಡಿಲವಿದೆಯೋ ಎಂದು ತಟ್ಟುತ್ತಾನೆ. ಬೇಸರವಾದವನು ಸುಮ್ಮನೆ ತಟ್ಟುತ್ತಾನೆ. ಚೀಲ ಎಂದರೆ ಗೋದಾಮಿನವರಿಗೆ ತಟ್ಟುವುದಕ್ಕೇ ಇರುವ ವಸ್ತು. ಬಾಗಿಲಲ್ಲಿ ಚಿಕ್ಕಮ್ಮ ಗೋಣಿ ತುಂಡಿನ ಮೇಲೆ ಇದ್ದಿಲಲ್ಲಿ ಬರೆಸಿ ತೂಗುಹಾಕಿದಳು: ‘ಒಳಗೆ ಮೊಣಕಾಲು ಇದೆ. ಚೀಲ ತಟ್ಟಬೇಡಿ.’ ಓದಿದವರೆಲ್ಲ ಹೊಸದಾಗಿ ಯಾವ ಮಾಲು ಬಂದಿದೆಯೆಂದು ವಿಚಾರಿಸಿದರು.

ಮೊದಲ ವಾರ ಯಜಮಾನ ವ್ಯಾಪಾರ ಮುಗಿದ ಉತ್ಸಾಹಕ್ಕೆ ಬೇರೆ ಜಾಗ ಸಿಗದೆ ದಲ್ಲಾಳಿಯ ಬೆನ್ನು ತಟ್ಟಿದ. ದಲ್ಲಾಳಿ ಕಡ್ಡಿ ಪೈಲ್ವಾನ. ಹೆಸರುಕಾಳಿನ ರಾಶಿಯೊಳಗೆ ಮೊಣಕೈವರೆಗೆ ಹೋದ.

“ನನ್ನನ್ನೇನು ಕಡಲೆ ಚೀಲ ಅಂದ್ಕೊಂಡ್ರಾ ಅಣ್ಣ?”

“ಕಡಲೆ ಚೀಲಕ್ಕೆ ತೂಕ ಇರುತ್ತೆ ಮಾರಾಯ.”

ಎರಡನೆಯ ವಾರ ಚಿಕ್ಕಮ್ಮ ಯಜಮಾನನನ್ನು ಕರೆದು, ಬಲಗೈ ಚಾಚಿಸಿ, ಸುತಳಿಯಲ್ಲಿ ಅಳತೆ ತೆಗೆದುಕೊಂಡಳು. ಮಾರನೆಯ ದಿನ ಕೈಗೆ ತೊಡುವ ಒಂದು ಗೋಣಿಯ ಕೈಚೀಲ ಸಿದ್ಧ: ಒಳಗೆ ಹತ್ತಿ, ಮಣಿಕಟ್ಟಿಗೆ ಬಿಗಿಯಲು ದಾರ, ಮೇಲೆ ಒಪ್ಪವಾದ ಜೋಡಿ ಹೊಲಿಗೆ. ವ್ಯಾಪಾರ ಕುದುರುವ ಹಂತಕ್ಕೆ ಬಂದಾಗ ಯಜಮಾನ ಅದನ್ನು ತೊಟ್ಟುಕೊಳ್ಳಬೇಕು. ತಟ್ಟಿದರೆ ‘ಧಪ್’ ಅಲ್ಲ, ದಿಂಬಿನ ಮೇಲೆ ಬೆಕ್ಕು ಬಿದ್ದಷ್ಟು ಸದ್ದು.

“ಕೈಗೆ ಏನಾಯ್ತು ಸ್ವಾಮಿ?” ಎಂದು ಗಿರಾಕಿಗಳು ಕೇಳುವರು.

“ನಾಯಿಗೆ ಮೊಣಕಾಲು,” ಎಂದು ಯಜಮಾನ ಹೇಳುವನು. ಮುಂದೆ ಕೇಳಲು ಯಾರಿಗೂ ಧೈರ್ಯ ಬರುತ್ತಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವನು ಕೈಚೀಲ ತೊಟ್ಟ ಕೂಡಲೇ ಇವನು ದರಕ್ಕೆ ಒಪ್ಪಿದ್ದಾನೆಂದು ಗಿರಾಕಿಗೆ ತಿಳಿದುಹೋಗುತ್ತಿತ್ತು. ಮೂವತ್ತು ವರ್ಷ ಮುಖದಲ್ಲಿ ಏನೂ ತೋರಿಸದೆ ವ್ಯಾಪಾರ ಮಾಡಿದವನು ಈಗ ಕೈಯಲ್ಲಿ ಎಲ್ಲವನ್ನೂ ತೋರಿಸುತ್ತಾ ಕೂತ.

ಹಿಂದಿನ ಕೋಣೆಯಲ್ಲೂ ನೆಮ್ಮದಿ ಇರಲಿಲ್ಲ. ಬುಗುರಿಗೆ ಮಂಚದ ಮೇಲೆ ಹಾರುವ ಚಟ. ಚಿಕ್ಕಮ್ಮ ಗಂಡನ ಕೈಗೆ ಗರಗಸ ಕೊಟ್ಟಳು.

“ಮಂಚದ ಕಾಲು ಕತ್ತರಿಸಿ.”

“ಲೇ, ನಮ್ಮ ಮದುವೆ ಕಾಲದ ಮಂಚ ಕಣೇ ಇದು.”

“ಮದುವೆ ಇನ್ನೂ ಇದೆಯಲ್ಲ, ಮಂಚದ ಕಾಲು ಹೋದ್ರೆ ಏನಂತೆ?”

ಅವನು ಕತ್ತರಿಸಿದ. ಒಂದು ಕಾಲು ಗಿಡ್ಡವಾಯಿತು, ಸರಿ ಮಾಡಲು ಉಳಿದ ಮೂರನ್ನೂ ಕತ್ತರಿಸಿದ, ಆಗ ಇನ್ನೊಂದು ಗಿಡ್ಡವಾಯಿತು. ಸಂಜೆಯ ಹೊತ್ತಿಗೆ ಮಂಚ ನೆಲದಿಂದ ನಾಲ್ಕು ಬೆರಳು ಮೇಲೆ ಬಂದು ನಿಂತಿತು. ಬುಗುರಿ ಹಾರದೆ ಸುಮ್ಮನೆ ನಡೆದು ಹೋಗಿ ಮಲಗಿದಳು. ಮೂಟೆ ಹೊತ್ತು ಹೊತ್ತು ಸೊಂಟ ಹಿಡಿದ ಗಂಡ ಮಾತ್ರ ಬೆಳಗ್ಗೆ ಅಷ್ಟು ಕೆಳಗಿನಿಂದ ಏಳಲಾಗದೆ, ಹೊರಳಿಕೊಂಡು ಬಾಗಿಲವರೆಗೆ ಹೋಗಿ ಚೌಕಟ್ಟು ಹಿಡಿದು ನಿಲ್ಲುವುದನ್ನು ಕಲಿತ.

ಹಗಲಲ್ಲಿ ಬುಗುರಿಯ ವಾಸ ಕೋಳಿ ಅಂಗಡಿಯವನಿಂದ ತಂದ ಹಳೆಯ ಜಾಲರಿ ಪಂಜರದಲ್ಲಿ. ಮೊದಲ ಎರಡು ದಿನ ಅವಳು ಅದನ್ನು ಶಿಕ್ಷೆ ಎಂದೇ ತಿಳಿಯಲಿಲ್ಲ. ಕಂಬಿ ಕಂಬಿಯನ್ನೂ ನೆಕ್ಕುತ್ತಾ ಕಳೆದಳು. ಮೂರನೆಯ ದಿನ ಕೋಳಿಯ ವಾಸನೆ ಮುಗಿಯಿತು, ರಾಗ ಶುರುವಾಯಿತು. ಹೊಲಿಗೆ ನೆಕ್ಕಬಾರದೆಂದು ಕೊರಳಿಗೆ ಹಾಕಿದ್ದ ಲಾಳಿಕೆಯಂಥ ಪ್ಲಾಸ್ಟಿಕ್ ಕೊಳವೆ ಅವಳ ರಾಗವನ್ನು ಇಮ್ಮಡಿ ಮಾಡಿ ಬೀದಿಗೆ ತಲುಪಿಸುತ್ತಿತ್ತು. ಕೊರಳಿಗೆ ದಾರ ಕಟ್ಟಿ ಐದು ನಿಮಿಷ ಹೊರಗೆ ನಡೆಸುವಾಗ ಅದೇ ಕೊಳವೆ ಮೊರದ ಕೆಲಸ ಮಾಡುತ್ತಿತ್ತು: ದಾರಿಯಲ್ಲಿ ಚೆಲ್ಲಿದ ಬಟಾಣಿಯೆಲ್ಲ ಅದರೊಳಗೆ. ಪಂಜರಕ್ಕೆ ಮರಳುವಾಗ ಕೊರಳಲ್ಲಿ ಒಂದು ಹಿಡಿ ಕಾಳು ಗಲಗಲ ಎನ್ನುತ್ತಿತ್ತು.

“ನಿಮ್ಮ ನಾಯಿ ನನ್ನ ಮಾಲು ಹೊರಗೆ ಸಾಗಿಸ್ತಿದೆ,” ಎಂದ ಯಜಮಾನ.

“ಒಳಗೇ ತರ್ತಿದ್ದಾಳೆ ಯಜಮಾನ್ರೇ. ಸರಿಯಾಗಿ ನೋಡಿ. ನಿಮ್ಮ ಹಮಾಲರು ಚೆಲ್ಲಿದ್ದನ್ನ ಗುಡಿಸಿ ತರೋದು ಅವಳೊಬ್ಬಳೇ.”

ಇಷ್ಟರಲ್ಲಿ ಇಲಿಗಳಿಗೆ ಸುದ್ದಿ ಮುಟ್ಟಿತ್ತು. ನಾಲ್ಕನೆಯ ವಾರದ ಹೊತ್ತಿಗೆ ಅವು ಪಂಜರದ ಮುಂದೆಯೇ ಗಾಳಿ ಸೇವನೆಗೆ ಹೊರಟವು. ಒಂದು ದಪ್ಪ ಇಲಿಯಂತೂ ಕಂಬಿಗೆ ಒಂದು ಗೇಣು ದೂರದಲ್ಲಿ ಕೂತು ಮುಖ ತೊಳೆದುಕೊಳ್ಳುತ್ತಿತ್ತು. ಬುಗುರಿ ನಡುಗುವುದು, ಚಿಕ್ಕಮ್ಮ ಪಂಜರಕ್ಕೆ ಗೋಣಿ ಮುಚ್ಚಿ, “ನೋಡ್ಬೇಡ ಮಗಳೇ, ಅದಕ್ಕೆ ಮಾನ ಮರ್ಯಾದೆ ಇಲ್ಲ,” ಎನ್ನುವುದು. ಯಜಮಾನ ಎಲ್ಲಿಂದಲೋ ಒಂದು ಬೆಕ್ಕು ತಂದ. ಅದು ಬಂದ ದಿನವೇ ತೂಕದ ಯಂತ್ರದ ತಟ್ಟೆಯ ಮೇಲೆ ಮಲಗಿತು, ಆಮೇಲೆ ಏಳಲಿಲ್ಲ. ಎರಡು ದಿನ ಬೀದಿಯವರೆಲ್ಲ ಬೆಕ್ಕು ಸಮೇತ ಕಾಳು ಕೊಂಡರು. ಮೂರನೆಯ ದಿನ ದಲ್ಲಾಳಿ ಗಮನಿಸಿದ. ಬೆಕ್ಕಿಗೆ ರಜೆ ಕೊಡಲಾಯಿತು.

ಹರಿದ ಚೀಲಗಳ ರಾಶಿ ಚಿಕ್ಕಮ್ಮನ ತಲೆಗಿಂತ ಎತ್ತರವಾಯಿತು. ಇಷ್ಟು ಕೆಲಸ ಆಕೆಗೆ ಎಂದೂ ಬಂದಿರಲಿಲ್ಲ. ಹೊಲಿಯುತ್ತಾ ಹೊಲಿಯುತ್ತಾ ಆಕೆ ಪಂಜರದ ಕಡೆ ನೋಡಿ ಹೇಳುವಳು: “ನೀನು ಬೇಗ ಹುಷಾರಾಗು. ನನಗೆ ಇಷ್ಟು ಕೆಲಸ ಬೇಡ.” ಯಜಮಾನ ಅದನ್ನು ಕೇಳಿಸಿಕೊಂಡ. ಕೆಲಸ ಬೇಡ ಎನ್ನುವ ಕೆಲಸಗಾರರನ್ನು ಅವನು ಬೇಕಾದಷ್ಟು ನೋಡಿದ್ದ. ಆ ಮಾತಿನ ಹಿಂದಿನ ಕಾರಣಕ್ಕೆ ತಲೆಬಾಗಬೇಕು ಅನಿಸಿದ್ದು ಅದೇ ಮೊದಲು.

ಎಂಟನೆಯ ವಾರ ವೈದ್ಯೆ ಮತ್ತೆ ಮೊಣಕಾಲನ್ನು ಎಳೆದು ನೋಡಿದಳು. ಡ್ರಾಯರು ಜಾರಲಿಲ್ಲ. “ಚೆನ್ನಾಗಿ ಹಿಡಿದಿದೆ. ದಿನಕ್ಕೆ ಕಾಲು ಗಂಟೆ ನಡೆಸಿ. ಆದ್ರೆ ಕೊರಳಿನ ದಾರ ಕೈಬಿಡಬೇಡಿ.” ಬುಗುರಿ ನಾಲ್ಕೂ ಕಾಲೂರಿ ನಡೆಯುತ್ತಿದ್ದಳು. ಹೊರಳಿ ನೋಡುವ ಕಣ್ಣಲ್ಲಿ ಹಳೆಯ ತುಂಟತನ ಮರಳಿತ್ತು. ಅಂದರೆ ಅಪಾಯದ ಕಾಲ.

ಹತ್ತನೆಯ ವಾರದ ಒಂದು ಬೆಳಗ್ಗೆ ದಲ್ಲಾಳಿ ಬಂದ. ಗೋದಾಮಿನ ಮೂಲೆಯಲ್ಲಿ ಒಂದು ಹಳೆಯ ಬಟಾಣಿ ರಾಶಿ ಇತ್ತು. ಮೂರು ವರ್ಷದಿಂದ ಯಜಮಾನ ಅದನ್ನು ಅವನಿಗೆ ಅಂಟಿಸಲು ನೋಡುತ್ತಿದ್ದ, ಮೂರು ವರ್ಷದಿಂದ ಅವನು ಮೂಗು ಮುರಿಯುತ್ತಿದ್ದ. ಅವತ್ತು ಯಾಕೋ ಅವನ ಮುಖದಲ್ಲಿ ಒಂದು ಸಡಿಲ ಕಂಡಿತು. ಯಜಮಾನ ಕೈಚೀಲ ತೊಟ್ಟಿದ್ದ. ಆದರೆ ಅದನ್ನು ತೊಟ್ಟು ಬಟಾಣಿ ಬೊಗಸೆಯಲ್ಲಿ ಎತ್ತಿ ತೋರಿಸಲು ಬರುವುದಿಲ್ಲ. ಬಿಚ್ಚಿದ. ಕಾಳನ್ನು ಬೆಳಕಿಗೆ ಹಿಡಿದ. ಅದರ ಬಣ್ಣ ಹೊಗಳಿದ, ಹೊಳಪು ಹೊಗಳಿದ, ಹೊಗಳಲು ಬೇರೇನೂ ಸಿಗದೆ ದುಂಡಗಿರುವುದನ್ನೂ ಹೊಗಳಿದ.

ಅದೇ ಹೊತ್ತಿಗೆ ನಾಲ್ಕು ಮಾರು ಆಚೆ ಚಿಕ್ಕಮ್ಮ ಹೊಲಿದು ಮುಗಿಸಿದ ಚೀಲವೊಂದರ ಬಾಯಿ ಅಗಲಿಸಿ, ತೂತು ಉಳಿದಿದೆಯೇ ಎಂದು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬುಗುರಿ ನಡಿಗೆ ಮುಗಿಸಿ ಪಕ್ಕದಲ್ಲಿ ಕೂತಿದ್ದಳು. ಕೊರಳಿನ ದಾರದ ತುದಿ ಚಿಕ್ಕಮ್ಮನ ತೊಡೆಯ ಕೆಳಗೆ. ಅದಕ್ಕಿಂತ ಭದ್ರವಾದ ಗೂಟ ಆ ಗೋದಾಮಿನಲ್ಲಿ ಇರಲಿಲ್ಲ.

“ಆಯ್ತು ಬಿಡಿ ಅಣ್ಣ, ತಗೋತೀನಿ,” ಎಂದ ದಲ್ಲಾಳಿ.

ಮೂರು ವರ್ಷದ ಬಟಾಣಿ! ಯಜಮಾನನ ಕೈ ತಲೆಯನ್ನು ಕೇಳಲಿಲ್ಲ.

ಧಪ್!

ಇಡೀ ಬೀದಿಗೆ ಕೇಳಿಸಿತು. ಬುಗುರಿ ಬಾಣದಂತೆ ಎದ್ದಳು, ತೊಡೆಯ ಕೆಳಗಿನ ದಾರ ಸರ್ರನೆ ಕಿತ್ತುಬಂತು. ಎದುರಿಗೆ ಏಳು ಚೀಲದ ಅಟ್ಟಿ, ಅದರ ಬುಡದಲ್ಲಿ ಮತ್ತದೇ ಮರದ ಹಲಗೆ. ಮುಂದೆ ನಡೆದದ್ದನ್ನು ಹಮಾಲರು ಇಂದಿಗೂ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಹೇಳಿದವರನ್ನೇ ನಂಬುವುದಿಲ್ಲ. ಚಿಕ್ಕಮ್ಮ ಓಡಿದಳು. ಬೆಂಕಿಗೆ ಓಡದವಳು ಓಡಿದಳು. ಕೈಯಲ್ಲಿದ್ದ ಚೀಲವನ್ನು ಬಿಡಬೇಕೆಂದು ತೋಚದೆ, ಬಾಯಿ ಅಗಲಿಸಿದ ಹಾಗೇ ಹಿಡಿದುಕೊಂಡು, ಮೂರೇ ಹೆಜ್ಜೆಗೆ ಅಟ್ಟಿಗೂ ನಾಯಿಗೂ ನಡುವೆ ಬಂದು ನಿಂತಳು. ಅಷ್ಟರಲ್ಲಿ ಬುಗುರಿಯ ಕಾಲು ನೆಲ ಬಿಟ್ಟಾಗಿತ್ತು. ಹದಿಮೂರು ಕಿಲೋ ನಾಯಿ ನೇರ ಚೀಲದ ಬಾಯಿಯೊಳಗೆ ಹೋಯಿತು. ಚಿಕ್ಕಮ್ಮ ಚೀಲವನ್ನು ಎದೆಗೆ ಅವುಚಿಕೊಂಡು ಹಾಗೇ ಹಿಂದಕ್ಕೆ, ಹರಿದ ಗೋಣಿಗಳ ರಾಶಿಯ ಮೇಲೆ ಕುಸಿದಳು. ಕುಸಿಯುವಾಗ ಆಕೆಯ ಬಲ ಮೊಣಕಾಲು ಒಂದು ಕಡೆಗೆ, ಪಾದ ಇನ್ನೊಂದು ಕಡೆಗೆ ತಿರುಗಿ, ‘ಚಟ್’ ಎಂದಿತು.

ಚಿಕ್ಕಮ್ಮನ ಕೈಗಳು ಆಗಲೂ ಇಪ್ಪತ್ತೇಳು ವರ್ಷದ ಅಭ್ಯಾಸದಿಂದ ಚೀಲದ ಬಾಯಿ ತಿರುಚಿ, ಹೊಲಿಯಲು ದಬ್ಬಣ ಹುಡುಕುತ್ತಿದ್ದವು. ಒಳಗಿನಿಂದ ಒಂದು ಸೀನು ಕೇಳಿಸಿತು.

“ಈಗ ವ್ಯಾಪಾರ ಆಯ್ತೋ ಇಲ್ವೋ?” ಎಂದು ಕೇಳಿದ ದಲ್ಲಾಳಿ.

ಅವನ ಕಡೆ ಎಲ್ಲರೂ ಒಟ್ಟಿಗೆ ತಿರುಗಿ ನೋಡಿದರು. ಅವನು ಹೆಸರುಕಾಳಿನ ರಾಶಿಯ ಹಿಂದೆ ಸರಿದ.

ಚೀಲ, ನಾಯಿ, ಚಿಕ್ಕಮ್ಮ ಮೂವರನ್ನೂ ಬೇರ್ಪಡಿಸುವ ಗೋಜಿಗೆ ಹೋಗದೆ ಮೂಟೆ ಸಾಗಿಸುವ ತಳ್ಳುಗಾಡಿಯ ಮೇಲೆ ಏರಿಸಿದರು. ಗಂಡ ತಳ್ಳಲು ಬಂದು ಗಾಬರಿಯಲ್ಲಿ ಗಾಡಿಯನ್ನು ಗೋದಾಮಿನ ಒಳಕ್ಕೇ ತಿರುಗಿಸಿದ. ಯಜಮಾನ ಅವನನ್ನು ಸರಿಸಿ ತಾನೇ ತಳ್ಳಿದ. ನಡುಬೀದಿಯಲ್ಲಿ ಅಂಗಡಿ ಅಂಗಡಿಯವರೂ ಹೊರಗೆ ಬಂದು ನೋಡಿದರು. ಚೀಲದ ಬಾಯಿಯಿಂದ ಒಂದು ನೆಟ್ಟಗಿನ ಕಿವಿ ಹೊರಗೆ ಬಂದಿತ್ತು.

“ಮೊದಲು ಡಾಕ್ಟರಮ್ಮನ ಹತ್ರ,” ಎಂದಳು ಚಿಕ್ಕಮ್ಮ.

“ಚಿಕ್ಕಮ್ಮ, ನಿಮ್ಮ ಕಾಲು ಕುಂಬಳಕಾಯಿ ಆಗ್ತಿದೆ.”

“ಆಗ್ಲಿ. ಮೊದಲು ಅವಳದು.”

ವೈದ್ಯೆ ಬುಗುರಿಯ ಕಾಲನ್ನು ಎಳೆದಳು, ಮಡಿಸಿದಳು, ನಡೆಸಿದಳು, ಮತ್ತೆ ಎಳೆದಳು. ಆ ಎರಡು ನಿಮಿಷ ಯಜಮಾನ ಗೋಡೆಯ ಮೇಲಿನ ಹಸುವಿನ ಹೊಟ್ಟೆಯ ನಕ್ಷೆಯನ್ನು ಓದಿದ; ಹಸುವಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ ಎನ್ನುವುದು ಅವನಿಗೆ ಇಂದಿಗೂ ಮರೆತಿಲ್ಲ.

“ಏನೂ ಆಗಿಲ್ಲ. ದಾರ ಹಾಗೇ ಇದೆ. ಮೆತ್ತಗೆ ಬಿದ್ದಿದ್ದಾಳೆ,” ಎಂದು ವೈದ್ಯೆ ಕನ್ನಡಕ ಮೇಲೇರಿಸಿ ಚಿಕ್ಕಮ್ಮನ ಕಾಲು ನೋಡಿದಳು. “ಇದು ನನ್ನ ವಿಭಾಗ ಅಲ್ಲ ಚಿಕ್ಕಮ್ಮ. ಆದ್ರೂ ಹೇಳ್ತೀನಿ, ಇಲ್ಲೂ ದಾರದ ಸಮಾಚಾರವೇ.”

ಮನುಷ್ಯರ ಡಾಕ್ಟರು ಅದನ್ನೇ ಬೇರೆ ಮಾತಲ್ಲಿ ಹೇಳಿದರು. ಪೂರ್ತಿ ಹರಿದಿಲ್ಲ, ಅರ್ಧ ಹರಿದಿದೆ. ಪಟ್ಟಿ ಕಟ್ಟಬೇಕು, ಮೆಟ್ಟಿಲು ಹತ್ತಬಾರದು, ಓಡಬಾರದು, ಹಾರಬಾರದು, ನೆಲದ ಮೇಲೆ ಕಾಲು ಮಡಿಸಿ ಕೂರಬಾರದು.

“ಓಡೋದು ಹಾರೋದು ಬಿಡ್ತೀನಿ,” ಎಂದಳು ಚಿಕ್ಕಮ್ಮ ಗಂಭೀರವಾಗಿ. “ಕೂರೋದು ಹೇಗೆ ಬಿಡ್ಲಿ? ನನ್ನ ಕಸುಬೇ ಅದು.”

ಗೋದಾಮಿನಲ್ಲಿ ಕುರ್ಚಿ ಎಂದು ಇದ್ದದ್ದು ಒಂದೇ, ಯಜಮಾನನದು. ಅಗಲ ಕೈಗಳು, ಬೆನ್ನಿಗೆ ಮೆತ್ತೆ, ಅವನ ಮೈ ಕೂತು ಕೂತು ಬಿದ್ದ ಗುಂಡಿ. ಮಾರನೆಯ ದಿನ ಅದು ಹರಿದ ಚೀಲಗಳ ಪಕ್ಕಕ್ಕೆ ಹೋಯಿತು. ಚಿಕ್ಕಮ್ಮ ಅದರಲ್ಲಿ ಕಾಲು ಚಾಚಿ ಕೂತು ಹೊಲಿದಳು, ಯಜಮಾನ ನಿಂತು ವ್ಯಾಪಾರ ಮಾಡಿದ. ಹೊಸಬರು ಬಂದರೆ ನೇರ ಕುರ್ಚಿಯ ಹತ್ತಿರ ಹೋಗಿ ದರ ಕೇಳುವರು. ಚಿಕ್ಕಮ್ಮ ಹೇಳಿಬಿಡುವಳು, ಯಜಮಾನ ಹೇಳುತ್ತಿದ್ದುದಕ್ಕಿಂತ ಒಂದು ಕೂದಲು ಹೆಚ್ಚೇ ಹೇಳುವಳು, ಅವರು ಒಪ್ಪಿಯೂ ಬಿಡುವರು. ಈ ವಿಷಯ ಇಷ್ಟಕ್ಕೇ ಬಿಡುವುದು ಒಳ್ಳೆಯದು.

ಹನ್ನೆರಡನೆಯ ವಾರ ಕಳೆದ ದಿನ ವೈದ್ಯೆ ತಾನೇ ಗೋದಾಮಿಗೆ ಬಂದಳು. ಬುಗುರಿಯನ್ನು ಬಾಗಿಲಿಂದ ತೂಕದ ಯಂತ್ರದವರೆಗೆ ನಡೆಸಿ, ಆಮೇಲೆ ಮೆಲ್ಲಗೆ ಓಡಿಸಿ ನೋಡಿದಳು. ಹಮಾಲರೆಲ್ಲ ಮೂಟೆ ಇಳಿಸಿ ಸಾಲಾಗಿ ನಿಂತಿದ್ದರು. ನಾಲ್ಕು ಕಾಲೂ ಒಂದೇ ಲಯದಲ್ಲಿ ಬಿದ್ದವು. ಎಡಗಾಲು ಯಾವುದೆಂದು ಕೇಳಿದ್ದರೆ ಯಾರೂ ಹೇಳಲಾಗುತ್ತಿರಲಿಲ್ಲ.

“ಇನ್ನು ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಬಿಡಿ. ಮೊದಲು ನೆಲದ ಮೇಲಿನ ಇಲಿ. ಮೇಲಿನ ಇಲಿ ಇನ್ನೊಂದು ತಿಂಗಳಾದ ಮೇಲೆ. ಹಲಗೆ ಸಂದಿ ಎಲ್ಲಾ ಮುಚ್ಚಿಸಿ.”

“ಮುಚ್ಚಿಸಿ ಆಯ್ತು,” ಎಂದ ಯಜಮಾನ. ಹತ್ತನೆಯ ವಾರವೇ ಮುಚ್ಚಿಸಿದ್ದ.

ಪಂಜರದ ಮುಂದೆ ಮುಖ ತೊಳೆಯುತ್ತಿದ್ದ ದಪ್ಪ ಇಲಿ ಎಂದಿನಂತೆ ಅವತ್ತೂ ಹೊರಗೆ ಬಂದು ಕೂತಿತ್ತು. ಪಂಜರ ಖಾಲಿಯಿರುವುದನ್ನು ಗಮನಿಸಲು ಅದಕ್ಕೆ ಒಂದು ಗಳಿಗೆ ಹೆಚ್ಚು ಹಿಡಿಯಿತು. ಅದರ ಸಮಾಚಾರ ಅಲ್ಲಿಗೆ ಮುಗಿಯಿತು.

ಬುಗುರಿ ಅದನ್ನು ತಂದು ಕುರ್ಚಿಯ ಮುಂದೆ ಇಟ್ಟಳು. ಚಿಕ್ಕಮ್ಮ ನೋಡಿ, ಮೂಗಿನ ಕೊನೆಯನ್ನು ಸೆರಗಿನಿಂದ ಒರೆಸಿಕೊಂಡು, “ಎಣ್ಣೆ ಗಾಣದವರಿಗೆ ಏನಂತೀರಿ ಯಜಮಾನ್ರೇ?” ಎಂದಳು.

“ಅವನಿಗೆ ಆವತ್ತೇ ಬೇಡ ಅಂದೆ.”

“ಯಾವತ್ತು?”

“ತಳ್ಳುಗಾಡಿ ತಳ್ಳಿದ ದಿನ.”

“ನನಗ್ಯಾಕೆ ಹೇಳ್ಲಿಲ್ಲ?”

ಯಜಮಾನ ಗೋಣಿಯ ಕೈಚೀಲವನ್ನು ಬಲಗೈಗೆ ಏರಿಸಿಕೊಂಡು ಮಣಿಕಟ್ಟಿನ ದಾರವನ್ನು ಹಲ್ಲಿಂದ ಬಿಗಿದುಕೊಂಡ. ಆ ಕೈಚೀಲವನ್ನು ಅವನು ಇಂದಿಗೂ ಬಿಟ್ಟಿಲ್ಲ. ಕುರ್ಚಿ ಇಂದಿಗೂ ಚೀಲಗಳ ಪಕ್ಕದಲ್ಲೇ ಇದೆ.

ಚಿಕ್ಕಮ್ಮನಿಗೆ ಯಜಮಾನ ಕೊಡಬೇಕಾಗಿರುವುದು ಎರಡು ಮೊಣಕಾಲು: ಒಂದು ನಾಯಿಯ ಹಿಂದಿನ ಎಡಗಾಲಿನದು, ಇನ್ನೊಂದು ಆಕೆಯ ಬಲಗಾಲಿನದು.